ಇಲ್ಲೇ ನಿಂದ್ರು, ಬಂದ್ನಿ

ಕಡ್ಲೀಪುರ
ಬಿಸಿಲುಮಾಸದ ನಲವತ್ತನೆಯ ದಿನ, ೨೨೧೩

ಕಡ್ಲೀಪುರ ಪುರಸಭೆಯ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಬೆಳೆಯುತ್ತಾ ಹೋದಾಗ ನಮ್ಮವರು ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಉದ್ದನೆಯ ತಿಂಗಳೊಂದನ್ನು ಸೇರಿಸಿಕೊಂಡರು. ಅದೇ ಬಿಸಿಲುಮಾಸ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಮಗೆ ಹತ್ತನೇ ತರಗತಿಯಾಚೆಗೂ ಕಲಿಸುತ್ತಾರೆ, ಆದರೆ ನಾನು ಹತ್ತಕ್ಕೇ ಶಾಲೆ ಬಿಟ್ಟೆ. ಒಂದು ಕಡೆ ಕೂರುವುದು ನನ್ನಿಂದಾಗದು. ಇದನ್ನು ಬರೆಯುವಾಗಲೂ ಎದ್ದೆದ್ದು ಬಾಗಿಲ ತನಕ ಹೋಗಿ ಬರುತ್ತಿದ್ದೇನೆ.

ನಮ್ಮಲ್ಲಿ ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು ಹಿಂದೋಲೆ. ಅಂದರೆ ಕಳೆದುಹೋದ ಕಾಲಕ್ಕೆ ಕಳಿಸುವ ಕಾಗದ. ಹೆಚ್ಚಿನವರು ಮುತ್ತಜ್ಜನಿಗೆ ಸೈಟು ಮಾರಬೇಡ ಅಂತ ಬರೆದು ಮುಗಿಸುತ್ತಾರೆ. ನಾನು ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ವಿಷಯ ಹೇಳುತ್ತೇನೆ. ಈಗ ಪ್ರತಿ ವಾರ್ಡಿನಲ್ಲೂ ಒಂದು ಕೂಡುಮನೆ ಇದೆ. ನೋಡಿಕೊಳ್ಳುವವರಿಲ್ಲದ ಮಕ್ಕಳು ಅಲ್ಲಿರುತ್ತಾರೆ. ಒಡಹುಟ್ಟಿದವರನ್ನು ಗಂಡು ಹೆಣ್ಣೆಂದೋ ದೊಡ್ಡವರು ಚಿಕ್ಕವರೆಂದೋ ಬೇರೆ ಮಾಡುವಂತಿಲ್ಲ. ಬೀದಿಗಳಿಗೆಲ್ಲ ಬಟ್ಟೆಯ ಚಾವಣಿ ಕಟ್ಟಿದ್ದೇವೆ, ಅವಕ್ಕೆ ನೆರಳುಬೀದಿ ಅನ್ನುತ್ತೇವೆ. ಹೊತ್ತೇರುವ ಮುಂಚೆ ಮಕ್ಕಳು ಅದರಡಿಯಲ್ಲಿ ಶಾಲೆಗೆ ನಡೆಯುತ್ತಾರೆ, ಜೊತೆಗೆ ಅವರ ಹೆಜ್ಜೆಯವರು. ಒಂದು ಮಗುವಿಗೆ ಒಬ್ಬ ಹೆಜ್ಜೆಯವ ಅಂತ ಆದಮೇಲೆ ಮಗು ದೊಡ್ಡದಾಗುವ ತನಕ ಅವನನ್ನು ಬದಲಿಸುವುದಿಲ್ಲ. ಮಗು ಎಲ್ಲಿಗೆ ಹೋದರೆ ಅವನೂ ಅಲ್ಲಿಗೆ. ಕೂರಲಾರದ ನನಗೆ ಹೇಳಿ ಮಾಡಿಸಿದಂಥ ಕೆಲಸ ಅಂತ ನನಗೂ ಇದನ್ನೇ ಕೊಟ್ಟಿದ್ದಾರೆ. ಪುರಸಭೆಯ ಸಭೆ ನಡೆಯುವುದೂ ಕೂಡುಮನೆಯ ಅಂಗಳದಲ್ಲೇ. ಸದಸ್ಯರು ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಬೇಕು. ಹೋದ ವಾರ ಒಬ್ಬಳು ಚಿಕ್ಕವಳು ಅಧ್ಯಕ್ಷರ ಕಡೆ ತಿರುಗಿ, “ಸರ್ರ, ಸಾರಿನ್ಯಾಗ ಬ್ಯಾಳಿ ಈಜಾಡಾಕತ್ತಾವ, ಒಂದೂ ಕೈಗೆ ಸಿಗವಲ್ವು” ಅಂದಳು. ಮರುದಿನದಿಂದ ಸಾರು ಗಟ್ಟಿಯಾಯಿತು.

ಇದೆಲ್ಲ ಶುರುವಾದದ್ದು ನೀಲವ್ವ ಎಂಬ ಮುದುಕಿಯಿಂದ. ನಮ್ಮ ಅವ್ವನ ತಾಯಿ, ಅವಳ ತಾಯಿ, ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಸಿಗುವವಳು. ನಿಮ್ಮ ಕಾಲದಲ್ಲಿ, ನಿಮ್ಮ ಪುರಸಭೆ ನಡೆಸುವ ಅನಾಥ ಮಕ್ಕಳ ಮನೆಯಲ್ಲಿ ಎರಡು ಜಡೆ ಹಾಕಿಕೊಂಡು ಓಡಾಡುತ್ತಿರುವ ಎಂಟು ವರ್ಷದ ಹುಡುಗಿಯೇ ಅವಳು. ಅವಳ ಲಂಗದ ಅಂಚು ಹಿಡಿದುಕೊಂಡೇ ಹಿಂದೆ ಹಿಂದೆ ಬರುವ ಸಣ್ಣವನು ಅವಳ ತಮ್ಮ ಗುರಸಿದ್ಧ.

ಮುಂದಿನ ನಾಗರಪಂಚಮಿ ಕಳೆದ ಮರುದಿನ ನೀವು ಆ ಮನೆಯನ್ನು ಮುಚ್ಚುತ್ತೀರಿ. ಸೂರು ಸೋರುತ್ತದೆ, ಸಿಬ್ಬಂದಿ ಬಿಟ್ಟುಹೋಗಿದ್ದಾರೆ, ನಡೆಸುವುದು ಕಷ್ಟ. ನಿಮ್ಮ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಂಗಳಕ್ಕೆ ಎರಡು ಗಾಡಿ ಬರುತ್ತವೆ. ಹುಡುಗಿಯರದು ಒಂದು ಊರಿಗೆ, ಹುಡುಗರದು ಇನ್ನೊಂದು ಊರಿಗೆ. ಅಳುತ್ತಾರೆಂದು ಮಕ್ಕಳಿಗೆ ಯಾರೂ ಏನೂ ಹೇಳಿರುವುದಿಲ್ಲ. ಎಲ್ಲರೂ ಕೂಡಿ ಎಲ್ಲಿಗೋ ಸುತ್ತಾಡಲು ಹೊರಟಿದ್ದೇವೆಂದೇ ಅವರು ತಿಳಿದಿರುತ್ತಾರೆ. ಆಗ ಗುರಸಿದ್ಧ, “ಅಕ್ಕಾ, ನನ್ನ ಶೇಂಗಾ ಉಂಡಿ ಒಳಗ ಐತಿ” ಅಂತ ಹಟ ಹಿಡಿಯುತ್ತಾನೆ. ನೀಲವ್ವ ಅವನ ಬೆರಳುಗಳನ್ನು ಲಂಗದಿಂದ ಬಿಡಿಸಿ, “ಇಲ್ಲೇ ನಿಂದ್ರು, ಬಂದ್ನಿ” ಅಂದು ಒಳಗೆ ಓಡುತ್ತಾಳೆ. ಉಂಡಿ ಹಿಡಿದು ಹೊರಗೆ ಬಂದಾಗ ಹುಡುಗರ ಗಾಡಿ ಹೋಗಿರುತ್ತದೆ.

ಅವನನ್ನು ಆ ಊರಿನಿಂದ ಮತ್ತೊಂದು ಊರಿಗೆ ಕಳಿಸಿದರಂತೆ. ಆಮೇಲೆ ಯಾರಿಗೂ ಗೊತ್ತಿಲ್ಲ. ನೀಲವ್ವ ದೊಡ್ಡವಳಾಗಿ ಊರೂರು ಹುಡುಕಿದಳು. ಹಾಗೆ ಹುಡುಕುವಾಗಲೇ ಬಸ್ಸಿನ ಕ್ಲೀನರ್ ಒಬ್ಬ ಜೊತೆಯಾದ, ಅವನನ್ನೇ ಮದುವೆಯಾದಳು. ಕೂದಲು ಹಣ್ಣಾದ ಮೇಲೆ ಇಲ್ಲಿಗೆ ಮರಳಿ ಪುರಸಭೆಯ ಮೆಟ್ಟಿಲ ಮೇಲೆ ಕೂತಳು, ಮೊದಲ ಕೂಡುಮನೆ ತೆರೆಯುವ ತನಕ ಏಳಲಿಲ್ಲ. ತಮ್ಮ ಮಾತ್ರ ಸಿಗಲಿಲ್ಲ.

ಇವತ್ತಿಗೂ ನಮ್ಮ ಮನೆಯಲ್ಲಿ ‘ಇಲ್ಲೇ ನಿಂದ್ರು, ಬಂದ್ನಿ’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಹಿತ್ತಿಲಿಗೆ ಹೋಗುವುದಿದ್ದರೂ ಚಿಕ್ಕವರನ್ನು ಕೈ ಹಿಡಿದು ಎಳೆದುಕೊಂಡೇ ಹೋಗುತ್ತಾರೆ. ಓಣಿಯವರು ನಗುತ್ತಾರೆ. ಪಂಚಮಿಗೆ ಒಂದು ಉಂಡಿ ತೆಗೆದಿಡುತ್ತೇವೆ. ನಾನು ನೋಡಿಯೇ ಇರದ ಆ ಹುಡುಗನಿಗಾಗಿ ನನ್ನ ಕಣ್ಣು ಯಾಕೆ ದಾರಿ ಕಾಯುತ್ತದೋ ತಿಳಿಯದು. ನನ್ನ ಕಾಲು ನಿಲ್ಲದಿರುವುದೂ ಅದಕ್ಕೇ ಇರಬೇಕು.

ನಿಮಗೆ ಬರೆಯುತ್ತೇನೆ ಅಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹುಚ್ಚಪ್ಪಾ, ಅವರಿಬ್ರೂ ಕೂಡೇ ಉಳಿದ್ರ ಆಕಿ ಹುಡುಕಾಕ ಹೋಗಂಗಿಲ್ಲ. ಆ ಕ್ಲೀನರ್ ಸಿಗಂಗಿಲ್ಲ. ನಾನೂ ಇಲ್ಲ, ನೀನೂ ಇಲ್ಲ. ತಿಳೀತೇನು?”

“ಹೆಂಗೂ ನಾ ಮನ್ಯಾಗ ಇರೂದ ಇಲ್ಲಂತ ದಿನಾ ಬೈತೀಯಲ್ಲವ್ವಾ” ಅಂದೆ.

ಅವಳು ನಗಲಿಲ್ಲ. ರೊಟ್ಟಿ ಹಂಚಿನ ಮೇಲೆ ಸೀದು ಕಪ್ಪಾಯಿತು. ಅದನ್ನು ತೆಗೆದು ಬದಿಗಿಟ್ಟು, “ಬರಿ. ಆ ಕೂಸು ಅಕ್ಕ ಇಲ್ದ ಒಬ್ಬನ ಅಂಜಿರಬೇಕು” ಅಂದಳು. ಈಗ ಪಕ್ಕದಲ್ಲೇ ಕೂತಿದ್ದಾಳೆ, ನನ್ನ ಅಂಗಿಯ ತುದಿ ಅವಳ ಕೈಯಲ್ಲಿದೆ. ನಾನು ಬಾಗಿಲಿಗೆ ಎದ್ದು ಹೋದರೆ ಅವಳೂ ಬರುತ್ತಾಳೆ.

ಹಿರಿಯರೇ, ಕೂಡುಮನೆ ಕಟ್ಟಿಸಲು ನೀಲವ್ವ ಮುದುಕಿಯಾಗುವ ತನಕ ಕಾಯಬೇಡಿ. ಸೋರುವ ಸೂರನ್ನು ಸರಿಮಾಡಿಸಿ. ಆ ಮಕ್ಕಳ ಪಕ್ಕದಲ್ಲಿ ಕೂತು ಒಂದು ಹೊತ್ತು ಉಂಡು ನೋಡಿ, ಉಳಿದದ್ದು ನಿಮಗೇ ತಿಳಿಯುತ್ತದೆ. ಅಷ್ಟೂ ಆಗದಿದ್ದರೆ ಒಂದೇ ಒಂದು ಕೆಲಸ ಮಾಡಿ. ಆ ದಿನ ನಿಮ್ಮಲ್ಲಿ ಯಾರಾದರೂ ಅಂಗಳಕ್ಕೆ ಬಂದು ಆ ಹುಡುಗನ ಕೈ ಹಿಡಿದುಕೊಳ್ಳಿ. ಅವನು ಸುಮ್ಮನೆ ನಿಲ್ಲುವವನಲ್ಲ, ಗಟ್ಟಿಯಾಗಿ ಹಿಡಿಯಿರಿ. ಉಂಡಿ ತೆಗೆದುಕೊಂಡು ಅಕ್ಕ ಹೊರಗೆ ಬಂದಾಗ ಅವಳು ಬಿಟ್ಟುಹೋದ ಜಾಗದಲ್ಲೇ ಅವನು ಇರಬೇಕು.

ಕಾಗದ ಮುಗಿಯಿತು. ಇದು ನಿಮ್ಮನ್ನು ತಲುಪುವ ತನಕ ನಾನು ಎಲ್ಲಿಗೂ ಹೋಗುವುದಿಲ್ಲ. ಇರುವಷ್ಟು ಹೊತ್ತು ಅವ್ವನ ಜೊತೆ ಇಲ್ಲೇ ನಿಂತಿರುತ್ತೇನೆ.

ಫಕ್ಕೀರಪ್ಪ
ಹೆಜ್ಜೆಯವ, ಮೂರನೇ ವಾರ್ಡಿನ ಕೂಡುಮನೆ