ಗ್ರಂಥಾಲಯದ ಬಾಗಿಲಲ್ಲಿ ಕಾಲುಚೀಲದ ಬುಟ್ಟಿ

ಸಾರಿಯೋಕಿ, ಫಿನ್ಲೆಂಡ್
೯ ಮಾರ್ಚ್ ೧೯೮೭

ಪ್ರೀತಿಯ ಸಿಲ್ವಿ ಅಕ್ಕ,

ನೀನೂ ಭಾವನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಒಳ್ಳೆಯ ಸುದ್ದಿಯಾಗಲಿ, ಆಮೇಲೆ ಬರೆಯೋಣ ಎಂದು ಕಾದೆ. ಅಮ್ಮ ವೃದ್ಧಾಶ್ರಮದಲ್ಲಿ ಆರಾಮಾಗಿದ್ದಾಳೆ. ಉಣ್ಣುತ್ತಾಳೆ, ಇಡೀ ದಿನ ಕಾಲುಚೀಲ ಹೆಣೆಯುತ್ತಾಳೆ.

ನಾನು ಮುಖ್ಯ ಗ್ರಂಥಪಾಲಕಿಯಾದ ಮೇಲೆ ಮಾಡಿದ ಮೊದಲ ನಿಯಮ ನಿನಗೆ ನೆನಪಿರಬಹುದು. ಮನೆಯಲ್ಲಿ ಮಾಡುವ ಹಾಗೆ ಗ್ರಂಥಾಲಯದಲ್ಲೂ ಬೂಟು ಬಾಗಿಲಲ್ಲೇ ಬಿಚ್ಚಬೇಕು. ಮಕ್ಕಳು ನೆಲದ ಮೇಲೆ ಬಿದ್ದುಕೊಂಡು ಚಿತ್ರ ನೋಡುತ್ತವೆ. ಅದೇ ನೆಲದ ಮೇಲೆ ಬೂಟಿಗಂಟಿ ಬಂದ ಬೀದಿಯ ಜಲ್ಲಿ, ಕರಗಿದ ಹಿಮ. ನೋಡಲಾಗುತ್ತಿರಲಿಲ್ಲ. ಸಮಿತಿಯವರು ವಸಂತದವರೆಗೆ ನೋಡೋಣ, ಜನ ಕಡಿಮೆಯಾದರೆ ನಿಯಮ ರದ್ದು ಎಂದರು.

ಮಕ್ಕಳು ಹೆಚ್ಚಾದರು. ಆದರೆ ಪತ್ರಿಕೆ ಓದುವ ಮುದುಕರ ಮೂಲೆ ಖಾಲಿಯಾಯಿತು. ಸಮಿತಿಯ ಅಧ್ಯಕ್ಷೆ ರೌಹಾ ಆ ಖಾಲಿ ಕುರ್ಚಿಗಳನ್ನೇ ನೋಡಿ ಹೋಗುತ್ತಿದ್ದರು. ಮುದುಕರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಜನರನ್ನು ಮಾತಾಡಿಸಲು ನನಗೆಷ್ಟು ಸಂಕೋಚ ಎಂದು ನಿನಗೆ ಗೊತ್ತು. ಆದರೂ ಒಂದು ದಿನ ಅಂಗಡಿಯ ಮುಂದೆ ವೈನೋನನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. ಹೊಳೆಯಲ್ಲಿ ದಿಮ್ಮಿ ತೇಲಿಸುತ್ತಿದ್ದ ವೈನೋ, ಮೊದಲೆಲ್ಲ ದಿನಾ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದವನು. ಅವನು ಬೂಟಿನ ಹಿಮ ಕೊಡವುತ್ತ ಹೇಳಿದ.

"ಬೂಟು ಬಿಚ್ಚೋಕೆ ಬೇಜಾರಿಲ್ಲ ಕಣಮ್ಮ. ಹೆಂಡ್ತಿ ಹೆಲ್ಲಿ ಹೋದ ಮೇಲೆ ಹರಿದ ಕಾಲುಚೀಲ ಹೊಲಿಯೋರಿಲ್ಲ. ನಾನು ಒಳಗೆ ಬರೋಕೆ ಮುಂಚೆ ನನ್ನ ಹೆಬ್ಬೆರಳು ಬಂದಿರುತ್ತೆ."

ನಾನು ನಗಲಿಲ್ಲ ಅಕ್ಕ. ಅವನೇ ನಕ್ಕ. ಉಳಿದವರ ಕಥೆಯೂ ಅದೇ, ಒಬ್ಬನ ಮನೆಯಲ್ಲೂ ಹೆಂಡತಿಯಿಲ್ಲ ಎಂದ.

ವೃದ್ಧಾಶ್ರಮದಲ್ಲಿ ಅಮ್ಮ ಹೆಣೆದದ್ದು ಚೀಲಗಟ್ಟಲೆ ಬಿದ್ದಿತ್ತು. ಎಲ್ಲ ಬೂದು ಬಣ್ಣದವು, ಹಿಮ್ಮಡಿಗೆ ಅವಳ ಆ ಕೆಂಪು ಪಟ್ಟಿ. ತಂದು ಒಂದು ಬುಟ್ಟಿಗೆ ತುಂಬಿ ಬಾಗಿಲಲ್ಲಿಟ್ಟೆ. ಚೀಟಿಯಿಲ್ಲ, ಕಾರ್ಡಿಲ್ಲ, ಬೇಕಾದವರು ಹಾಕಿಕೊಳ್ಳಲಿ. ರೌಹಾ ಸಭೆಯಲ್ಲಿ ಬಿಡಲಿಲ್ಲ.

"ಗ್ರಂಥಾಲಯದಿಂದ ಹೋಗೋದೆಲ್ಲ ಬರ್ಕೋಬೇಕು ಐನಿ. ವಾಪಸ್ ಬರದೇ ಹೋದ್ರೆ?"

ನನ್ನ ಕಿವಿ ಬಿಸಿಯಾಯಿತು. "ಯಾರದೋ ಕಾಲು ಬೆಚ್ಚಗಿದೆ ಅಂತ ತಿಳ್ಕೊಳ್ಳೋಣ" ಎಂದೆ. ಎಲ್ಲಿಂದ ಬಂತೋ ಆ ಮಾತು.

ಈಗ ಕೇಳು. ಬುಟ್ಟಿ ಖಾಲಿಯಾಗುವುದಿರಲಿ, ತುಂಬಿ ಹೊರಗೆ ಚೆಲ್ಲುತ್ತಿದೆ. ಊರಿನ ಹೆಂಗಸರೆಲ್ಲ ಹೆಣೆದು ತಂದು ಹಾಕುತ್ತಿದ್ದಾರೆ. ಮುದುಕರು ಬೆಳಿಗ್ಗೆ ಬಂದರೆ ಸಂಜೆಯವರೆಗೆ ಏಳುವುದಿಲ್ಲ, ಕಾಫಿ ಬೇರೆ ಕೇಳುತ್ತಾರೆ. ವೈನೋ ಮಕ್ಕಳ ಜಾಗದಲ್ಲಿ ಕಾಲು ಚಾಚಿ ಕೂತು ಹೊಳೆಯ ಕಥೆ ಹೇಳುತ್ತಾನೆ. ಕಳೆದ ವಾರ ಸಮಿತಿ ನಿಯಮವನ್ನು ಕಾಯಂ ಮಾಡಿತು. ಕೈ ಎತ್ತಿದವರಲ್ಲಿ ರೌಹಾ ಮೊದಲಿಗರು. ಅವರ ಕಾಲಲ್ಲೂ ಕೆಂಪು ಹಿಮ್ಮಡಿ ಕಂಡಿತು. ಪಕ್ಕದ ಊರಿನ ಗ್ರಂಥಪಾಲಕಿ ಬಂದು ನೋಡಿಕೊಂಡು ಹೋದಳು. ನನಗೆ ಹೆಮ್ಮೆಯಾಗಿದೆ, ಮುಚ್ಚಿಡುವುದಿಲ್ಲ.

ಅಮ್ಮ ಹೊಗಳುವವಳಲ್ಲವಲ್ಲ. ನನಗೆ ಈ ಕೆಲಸ ಸಿಕ್ಕಿದ ದಿನವೂ "ಸರಿ, ಬೀಗ ಸರಿಯಾಗಿ ಹಾಕ್ಕೊಂಡು ಬಾ" ಅಂದಿದ್ದಳು. ಈ ಸಲವಾದರೂ ಏನಾದರೂ ಅನ್ನುತ್ತಾಳೇನೋ ಎಂದು ಆಸೆಯಿತ್ತು.

ಭಾವನಿಗೆ ನಮಸ್ಕಾರ. ಮಕ್ಕಳ ಕಾಲಳತೆ ಬರೆದು ಕಳಿಸು. ಅವು ಚೆನ್ನಾಗಿ ಓದಿಕೊಂಡು ಬೆಚ್ಚಗಿರಲಿ.

ನಿನ್ನ ತಂಗಿ,
ಐನಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಶುಕ್ರವಾರ ಆಶ್ರಮದವರು ಅಮ್ಮನನ್ನು ಗ್ರಂಥಾಲಯಕ್ಕೆ ಕರೆತಂದರು. ಬುಟ್ಟಿಯಿಂದ ತನ್ನದೇ ಒಂದು ಜೋಡಿ ಆರಿಸಿಕೊಂಡು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಹೆಣೆದವಳ ಕೈ ಚೆನ್ನಾಗಿದೆ" ಅಂದಳು. ನಾನು ಮೊಣಕಾಲೂರಿ ಅವಳಿಗೆ ಅದನ್ನು ಹಾಕುತ್ತಿದ್ದೆ. ಅವಳು ಸುತ್ತ ನೋಡಿ ನನ್ನ ಭುಜ ತಟ್ಟಿದಳು.

"ಎಷ್ಟು ಚೆನ್ನಾಗಿ ನಡೆಸ್ತಿದ್ದೀರಿ ಮೇಡಂ. ನಿಮ್ಮ ತಾಯಿಗೆ ಎಷ್ಟು ಹೆಮ್ಮೆಯೋ."

"ಇವತ್ತೇ ಹೇಳಿದ್ರು" ಎಂದೆ.