ಬೂ ಫಹದ್ ಕೇಳಿದ ಅಗ್ಗದ ರಿವಾಲ್ವರ್

ಅಕ್ಟೋಬರ್ 5, ಭಾನುವಾರ

ವಾಲ್ವ್‌ಗಳ ಕೊಟೇಶನ್ ಮೂರೂ ಬಂದವು. ಎರಡರ ಕೆಳಗೆ ಒಂದೇ ಮೊಬೈಲ್ ನಂಬರು. ಅಂದರೆ ಅಂಗಡಿ ಒಂದೇ, ಬೋರ್ಡು ಎರಡು. ವಾಪಸ್ ಕಳಿಸಿದೆ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ಪರ್ಚೇಸಿನಲ್ಲಿ ಕೂತವನ ಕಣ್ಣಿಗೇ ಮಣ್ಣೆರಚಲು ಬರುತ್ತಾರೆ! ಹೆಂಡತಿ ಮೊಲ್ಲಿ ತಮಾಷೆ ಮಾಡುತ್ತಾಳೆ — ಪಾದ್ರಿಗಳು ಆಶೀರ್ವಾದ ಕೊಟ್ಟರೂ ಇವರು ಇನ್ನೆರಡು ಇಗರ್ಜಿಯಲ್ಲಿ ರೇಟು ವಿಚಾರಿಸುತ್ತಾರೆ ಅಂತ. ನಗಲಿ.

ಇಲ್ಲಿ ಇರಲು ಬೇಕಾದ ಇಕಾಮಾ ಪೇಪರು ಇನ್ನೂ ಬಾಸ್ ಫಹದ್‌ನ ಮೇಜಿನ ಮೇಲೆ. ನವೆಂಬರ್ 15ಕ್ಕೆ ಅವಧಿ ಮುಗಿಯುತ್ತದೆ. ಸರ್ಕಾರಿ ಕಾಗದಕ್ಕೆ ಓಡಾಡುವ ನಮ್ಮ ಮಂದೂಬ್‌ನನ್ನು ಕೇಳಿದರೆ ‘ಇನ್‌ಶಾಲ್ಲಾ’ ಅಂದ. ಅವನ ಬಾಯಲ್ಲಿ ಆ ಮಾತು ಬಂದರೆ ನನಗೆ ಹೆದರಿಕೆ. ಅಕೌಂಟ್ಸಿನ ಡೋಲ್ಫಿಗೂ ಹೀಗೇ ನಾಳೆ ನಾಳೆ ಅಂದರು. ಕೊನೆಗೆ ಕೇಕು ಕತ್ತರಿಸಿ ಊರಿಗೆ ಕಳಿಸಿಕೊಟ್ಟರು. ಈಗ ಶಿರ್ವದಲ್ಲಿ ಕೂತು ದಿನಾ ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಗುಲಾಬಿ ಕಳಿಸುತ್ತಾನೆ.

ಮೊಲ್ಲಿ, ಮಗಳು ಪ್ರೀಮಾ ಇಬ್ಬರ ವೀಸಾವೂ ನನ್ನದಕ್ಕೇ ಜೋತುಬಿದ್ದಿದೆ. ಪ್ರೀಮಾಗೆ ಮಾರ್ಚಿನಲ್ಲಿ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ. ನವೆಂಬರಿನಲ್ಲಿ ಗಂಟುಮೂಟೆ ಕಟ್ಟಬೇಕಾಗಿ ಬಂದರೆ ಹುಡುಗಿಯ ವರ್ಷ ಹಾಳು. ಅವಳಿಗೆ ಏನೂ ಹೇಳಿಲ್ಲ. ಕನ್ನಡ ಓದಲು ಬರುವುದಿಲ್ಲ ಅವಳಿಗೆ, ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಕ್ಟೋಬರ್ 7, ಮಂಗಳವಾರ

ಬೂ ಫಹದ್ ಬಂದಿದ್ದರು. ಫಹದ್‌ನ ಅಪ್ಪ. ಕಂಪನಿ ಕಟ್ಟಿದವರು, ನನ್ನನ್ನು ಊರಿಂದ ಕರೆಸಿದವರು. ಈಗ ಎಲ್ಲವೂ ಮಗನ ಕೈಯಲ್ಲಿ, ಸಹಿಯೂ ಅವನದೇ. ಮುದುಕರು ಬರುತ್ತಾರೆ, ಚಾ ಕುಡಿಯುತ್ತಾರೆ, ಹೋಗುತ್ತಾರೆ. ಇವತ್ತು ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿಕೊಂಡರು. ಹಿಂದೆಂದೂ ಹೀಗೆ ಮಾಡಿದವರಲ್ಲ.

ರಿವಾಲ್ವರ್ ಬೇಕಂತೆ. ಸಿಂಗಲ್ ಆ್ಯಕ್ಷನ್. ಹೆಬ್ಬೆರಳು ಬಗ್ಗಿಸಿ ತೋರಿಸಿದರು — ಒಂದೊಂದು ಗುಂಡಿಗೂ ಹ್ಯಾಮರನ್ನು ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸಬೇಕು, ಆಮೇಲೆ ಟ್ರಿಗರ್. ನಿಧಾನದ ಆಟ. ಶನಿವಾರ ಕ್ಲಬ್ಬಿನ ರೇಂಜಿನಲ್ಲಿ ಗುರಿ ಹೊಡೆಯಲಿಕ್ಕೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಅಂದರು. ನಾನು ಕೇಳಿರಲಿಲ್ಲ. ಕೇಳದೆ ಯಾಕೆ ಹೇಳಬೇಕು?

ಪರ್ಮಿಟ್ಟು, ಪೊಲೀಸ್ ಪೇಪರು ಎಲ್ಲ ಅವರ ಹೆಸರಿನಲ್ಲೇ. ನಾನು ಆರಿಸಿಕೊಟ್ಟರೆ ಸಾಕು. ಅಗ್ಗದ್ದಿರಬೇಕು, ಒಳ್ಳೆಯದಿರಬೇಕು, ಫಹದ್‌ಗೆ ಗೊತ್ತಾಗಬಾರದು.

ಮನೆ ಮುಂದೆ ಮೂರು ಕಾರು ನಿಲ್ಲಿಸಿಕೊಂಡವರಿಗೆ ಅಗ್ಗದ್ದು ಯಾಕೆ? ಮಗನಿಗೆ ಯಾಕೆ ಗೊತ್ತಾಗಬಾರದು? ಅದೂ ನನ್ನ ಇಕಾಮಾ ಅದೇ ಮಗನ ಮೇಜಿನ ಮೇಲಿರುವಾಗ. ಆಯಿತು ಅಂದೆ. ವೀಸಾ ಕೊಟ್ಟು ಕರೆಸಿದ ಕಫೀಲ್‌ಗೆ ಇನ್ನೇನು ಅನ್ನಲಿ.

ಅಕ್ಟೋಬರ್ 8, ಬುಧವಾರ

ಎಲ್ಲಿ ಹುಡುಕುವುದು? ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದರೆ ಐಟಿಯವನಿಗೆ ಕಾಣುತ್ತದೆ. ನನ್ನ ಫೋನು ನನ್ನ ಸಿವಿಲ್ ಐಡಿಯಲ್ಲಿದೆ. ಪರದೇಶಿ ಮನುಷ್ಯ, ರಿವಾಲ್ವರ್ ಹುಡುಕಿದ ಅಂತ ಎಲ್ಲಾದರೂ ದಾಖಲಾದರೆ... ಮನೆಯಲ್ಲಿ ಪ್ರೀಮಾಳ ಟ್ಯಾಬ್ ಇದೆ, ಅದನ್ನಂತೂ ಮುಟ್ಟುವುದಿಲ್ಲ.

ಬೂ ಫಹದ್‌ರ ಡ್ರೈವರ್ ಉಮ್ಮರಬ್ಬನ ಜೊತೆ ಲೈಸೆನ್ಸ್ ಇರುವ ಮೂರು ಅಂಗಡಿಗೆ ಹೋಗಿ ಬಂದೆ. ನಮ್ಮ ಉಳ್ಳಾಲದ ಬ್ಯಾರಿ; ನಾನು ಅವನಿಗೆ ಪರ್ಬು, ಊರಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ. ಏನಾದರೂ ಗೊತ್ತುಂಟಾ ಅಂತ ಕೆದಕಿದೆ.

“ದೊಡ್ಡವರ ವಿಷಯ ನಮಗ್ಯಾಕೆ ಪರ್ಬುಗಳೇ. ಬಾಬಾ ಖುಷಿಯಲ್ಲಿದ್ದಾರೆ, ಅಷ್ಟು ಸಾಕಲ್ಲ,” ಅಂದ.

ಗೊತ್ತಿದೆ ಅವನಿಗೆ. ಗೊತ್ತಿಲ್ಲದವನು ಅಷ್ಟು ಬೇಗ ಉತ್ತರ ಕೊಡುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಕೆಲಸ ಅಂದ ಮೇಲೆ ಕೆಲಸ. ಪಂಪಿಗೆ ಮಾಡುವ ಹಾಗೆಯೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಮೂರೂ ಪಾಯಿಂಟ್ ಟೂ-ಟೂ. ಗುಂಡು ಸಣ್ಣದು, ಅಗ್ಗ, ಕೈಗೆ ಒದೆತ ಕಡಿಮೆ. ಗುರಿ ಕಲಿಯಲಿಕ್ಕೆ ಇದೇ ಸರಿ ಅಂತ ಮೂರು ಅಂಗಡಿಯವರೂ ಹೇಳಿದರು. ಮೂರು ಅಂಗಡಿಯವರು ಒಂದೇ ಮಾತು ಹೇಳಿದರೆ ಸಾಮಾನ್ಯವಾಗಿ ನಾನು ನಂಬುವುದಿಲ್ಲ. ಇದನ್ನು ನಂಬಿದ್ದೇನೆ. ಮೊದಲನೆಯದು ಪೂರ್ತಿ ಉಕ್ಕು, ಗುರಿ ನೋಡುವ ಸೈಟನ್ನು ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ದರವೂ ಹಾಗೇ ಇದೆ. ಎರಡನೆಯದು ನೋಡಲು ಮದುಮಗನಂತೆ ಇದೆ. ಆದರೆ ಹಳೇ ಮಾದರಿ — ಕೈತಪ್ಪಿ ಬಿದ್ದರೆ ಹ್ಯಾಮರ್ ತಾಗಿ ಗುಂಡು ಹಾರಬಹುದು, ಅದಕ್ಕೇ ಒಂದು ಮನೆ ಖಾಲಿ ಬಿಟ್ಟು ಗುಂಡು ತುಂಬಬೇಕಂತೆ. ಅದನ್ನು ಅಂಗಡಿಯವನು ನಾನು ಕೇಳಿದ ಮೇಲೆ ಹೇಳಿದ್ದು! ರಿಜೆಕ್ಟ್. ಮೂರನೆಯದರ ಚೌಕಟ್ಟು ಮಿಶ್ರಲೋಹದ್ದು, ಸೈಟ್ ಅಲುಗಾಡಿಸಲು ಬರುವುದಿಲ್ಲ, ಕಪ್ಪು ಬಣ್ಣ ಬೇಗ ಏಳುತ್ತದೆ. ಆದರೆ ಬಿದ್ದರೆ ಹಾರುವುದಿಲ್ಲ, ಪಕ್ಕದಲ್ಲಿ ಒಂದು ಸೇಫ್ಟಿ ಕೀಲಿಯೂ ಇದೆ. ಮೊದಲನೆಯದರ ಅರ್ಧ ಬೆಲೆ.

ಮೂರನೆಯದು. ಮನಸ್ಸಿಗೆ ಒಪ್ಪಿಗೆಯಾಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ವಾಲ್ವಿಗಿಂತ ಇದು ಸ್ವಾರಸ್ಯ.

ಇಕಾಮಾಕ್ಕೆ ಇನ್ನೂ ಸಹಿ ಇಲ್ಲ. ಮಂದೂಬ್‌ನದು ಅದೇ ‘ಇನ್‌ಶಾಲ್ಲಾ.’

ಅಕ್ಟೋಬರ್ 18, ಶನಿವಾರ

ರಜೆಯ ದಿನ ಬೂ ಫಹದ್ ಅಂಗಡಿಗೆ ಕರೆದುಕೊಂಡು ಹೋದರು. ಮೂರನೆಯದನ್ನು ತೆಗೆಸಿ ನೇರ ನನ್ನ ಕೈಗೆ ಕೊಡಿಸಿದರು. ತಾವು ಮುಟ್ಟಲಿಲ್ಲ! ಹಿಡಿ ಅಂದರು. ಹ್ಯಾಮರ್ ಎಳೆ ಅಂದರು. ಬೆರಳು ಟ್ರಿಗರಿಗೆ ಸರಿಯಾಗಿ ಮುಟ್ಟುತ್ತದಾ ಅಂತ ಬಗ್ಗಿ ನೋಡಿದರು. ಹಿಡಿಕೆ ದಪ್ಪ ಆಯಿತೇನೋ, ಸಪೂರದ್ದು ಇದೆಯಾ ಅಂತ ಅಂಗಡಿಯವನನ್ನು ಕೇಳಿದರು. ಅವರ ಕೈ ನನ್ನ ಕೈಯ ಒಂದೂವರೆ ಪಟ್ಟು. ಸಪೂರದ್ದು ಯಾರಿಗೆ?

ಆಗ ತಲೆಗೆ ಹೊಳೆಯಿತು — ಬೆರಳಚ್ಚು. ಬೆವರು ಒರೆಸುವ ನೆಪದಲ್ಲಿ ಕರ್ಚೀಫು ತೆಗೆದು ಹಿಡಿಕೆ, ಟ್ರಿಗರ್ ಎಲ್ಲ ಉಜ್ಜಿ ವಾಪಸ್ ಕೊಟ್ಟೆ. ಅಂಗಡಿಯವನು ಶುಕ್ರನ್ ಅಂತ ಥ್ಯಾಂಕ್ಸ್ ಹೇಳಿದ. ಎಂಥ ಶುಚಿಯ ಮನುಷ್ಯ ಅಂದುಕೊಂಡಿರಬೇಕು.

ಪರ್ಮಿಟ್ ಬಂದ ಮೇಲೆ ಖರೀದಿ ಅಂತ ಮಾತಾಯಿತು. ದಾರಿಯುದ್ದಕ್ಕೂ ಮುದುಕರು ಏನೋ ಗುನುಗುತ್ತಿದ್ದರು.

ಅಕ್ಟೋಬರ್ 19, ಭಾನುವಾರ

ಮೊಲ್ಲಿಗೆ ಹೇಳಿಬಿಟ್ಟೆ. ಇಟ್ಟುಕೊಳ್ಳಲು ಆಗಲಿಲ್ಲ. ಮೀನು ಹುರಿಯುತ್ತಾ ಪೂರ್ತಿ ಕೇಳಿದಳು.

“ಅವರನ್ನೇ ಕೇಳಿ ಮಾರಾಯ್ರೇ. ಬಾಯಿ ಉಂಟಲ್ಲ ನಿಮಗೆ?”

ಕಫೀಲ್‌ನನ್ನು ಏನಂತ ಕೇಳುವುದು? ನೀವು ಯಾರನ್ನು ಕೊಲ್ಲಲಿಕ್ಕಿದ್ದೀರಿ ಬಾಬಾ ಅಂತಲೋ? ಅಥವಾ... ಮುದುಕರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ, ತಮಗೇ ಏನಾದರೂ ಮಾಡಿಕೊಂಡರೆ? ಅದೂ ತಲೆಗೆ ಬಂತು. ಬಂದದ್ದನ್ನು ಮೊಲ್ಲಿಗೆ ಹೇಳಲಿಲ್ಲ. ಅವಳು ಊಟ ಮಾಡಿ ಮಲಗಿದಳು. ಅವಳಿಗೆ ನಿದ್ದೆ ಬರುತ್ತದೆ.

ಅಕ್ಟೋಬರ್ 21, ಮಂಗಳವಾರ — ಬೆಳಿಗ್ಗೆ

ಪ್ರೀತಮ್ ಬಂದ. ಫಹದ್ ಹೊಸದಾಗಿ ತಂದಿಟ್ಟುಕೊಂಡ ಅಡ್ಮಿನ್ ಮ್ಯಾನೇಜರ್, ಉಡುಪಿ ಕಡೆಯ ಹುಡುಗ. “ಅಂಕಲ್, ಓಲ್ಡ್ ಬಾಸ್ ನಿಮ್ಮ ಹತ್ರ ತುಂಬಾ ಬರ್ತಿದ್ದಾರಲ್ಲ?” ಅಂದ. ಹಲ್ಲು ಬಿಟ್ಟ.

ಫಹದ್‌ಗೆ ಗೊತ್ತಾಗಿದೆ. ಇಲ್ಲದಿದ್ದರೆ ಇವನ್ಯಾಕೆ ಬರುತ್ತಾನೆ? ಸಹಿ ತಡವಾಗುತ್ತಿರುವುದೂ ಅದಕ್ಕೇ.

ಮಧ್ಯಾಹ್ನ

ಸಿಸಿ ಹಾಕಿದೆ.

ಇಲ್ಲಿಗೆ ಬಂದ ಮೊದಲ ವಾರ ಹಳಬರು ಕಲಿಸಿದ್ದು ಅದೊಂದೇ. ಬಾಯಿಮಾತಿನಲ್ಲಿ ಯಾರು ಏನೇ ಹೇಳಲಿ, ಮೇಲ್ ಹಾಕು, ಮೇಲಿನವನಿಗೆ ಸಿಸಿ ಇಡು. ನಾಳೆ ಕುತ್ತಿಗೆಗೆ ಬಂದರೆ ‘ಸರ್, ಯು ವರ್ ಇನ್ ಕಾಪಿ’ ಅಂದರಾಯಿತು. ಗಲ್ಫಿನಲ್ಲಿ ನಮ್ಮವರೆಲ್ಲ ಬದುಕಿರುವುದೇ ಸಿಸಿಯ ನೆರಳಿನಲ್ಲಿ.

ಟು — ಬೂ ಫಹದ್. ಅವರು ಮೇಲ್ ತೆರೆಯುವುದೇ ಇಲ್ಲ, ಗೊತ್ತಿದೆ. ಸಿಸಿ — ಫಹದ್. ‘ತಮ್ಮ ಮೌಖಿಕ ಆದೇಶದಂತೆ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಒಂದರ ಹೋಲಿಕೆ ಲಗತ್ತಿಸಿದೆ. ದಯವಿಟ್ಟು ಸೂಚನೆ ನೀಡಿ.’ ಅಷ್ಟೇ. ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ. ಕಳಿಸಿದ ಮೇಲೆ ಎದೆ ಹಗುರಾಯಿತು. ಕ್ಯಾಂಟೀನಿಗೆ ಹೋಗಿ ಸಮೋಸ ತಿಂದೆ.

ನವೆಂಬರ್ 2, ಭಾನುವಾರ

ಬರೆಯಲು ಮನಸ್ಸಿರಲಿಲ್ಲ.

ಇಕಾಮಾ ಆಯಿತು. ಎರಡು ವರ್ಷಕ್ಕೆ. ಮಂದೂಬ್ ಬೆನ್ನು ತಟ್ಟಿದ. ಪ್ರೀಮಾ “ವಾಟ್ಸ್ ದ ಬಿಗ್ ಡೀಲ್, ಡ್ಯಾಡಾ?” ಅಂದಳು. ಅವಳಿಗೇನು ಗೊತ್ತು. ಮೊಲ್ಲಿ ಮೇಣದ ಬತ್ತಿ ಹಚ್ಚಿದಳು.

ಫಹದ್ ಒಳಗೆ ಕರೆದಿದ್ದ. ಕುರ್ಚಿ ತೋರಿಸಿದ, ಕೂರು ಅಂದದ್ದು ಇದೇ ಮೊದಲು. ಅಪ್ಪನಿಗೆ ಎಪ್ಪತ್ನಾಲ್ಕು ಆಯಿತು, ಮರೆವು ಬೇರೆ, ಈ ವಯಸ್ಸಿನಲ್ಲಿ ಇದೆಲ್ಲ ಹುಚ್ಚು, ಹೇಳಿದ್ದು ಒಳ್ಳೆಯದಾಯಿತು ಅಂದ. ಪರ್ಮಿಟ್ಟಿನ ಅರ್ಜಿ ವಾಪಸ್. ಕ್ಲಬ್ಬಿನ ಮೆಂಬರ್‌ಶಿಪ್ ಬಂದ್. ಅಪ್ಪನ ಕಾರಿನ ಕೀಲಿ ಕೂಡ ತೆಗೆದಿಟ್ಟುಕೊಂಡಿದ್ದಾನೆ — ಎಲ್ಲಿಗೆ ಹೋಗುವುದಾದರೂ ಅವನನ್ನು ಕೇಳಿ, ಡ್ರೈವರ್ ಜೊತೆ ಹೋಗಬೇಕು. ಖಲಾಸ್ ಅಂದ. ಕೊನೆಗೆ, ಇನ್ನು ಮುಂದೆ ಅಪ್ಪ ನಿನ್ನ ಹತ್ತಿರ ಏನೇ ಕೇಳಲಿ, ನನಗೊಂದು ಕಾಪಿ ಇರಲಿ ಅಂದ.

ಎಸ್ ಸರ್ ಅಂದೆ.

ಎರಡು ವಾರದಿಂದ ಮುದುಕರು ಆಫೀಸಿಗೆ ಬಂದಿಲ್ಲ.

ನವೆಂಬರ್ 4, ಮಂಗಳವಾರ

ಪಾರ್ಕಿಂಗಿನಲ್ಲಿ ಉಮ್ಮರಬ್ಬ ಮುಖ ತಿರುಗಿಸಿಕೊಂಡು ಹೋದ. ತಡೆದು ನಿಲ್ಲಿಸಿದೆ. ಎಂತ ಬ್ಯಾರಿಗಳೇ, ನಮ್ಮ ಗುರ್ತ ಇಲ್ಲವಾ ಅಂತ ನಗಿಸಲು ನೋಡಿದೆ. ನಗಲಿಲ್ಲ.

“ಅದು ನಿಮಗೆ ಪರ್ಬುಗಳೇ. ನಿಮಗೆ ಹೊಡಿಲಿಕ್ಕೆ.”

ನಿಧಾನವಾಗಿ ಹೇಳಿದ. ಬೂ ಫಹದ್‌ರ ಜೊತೆ ರೇಂಜಿಗೆ ಹೋಗುತ್ತಿದ್ದ ಗೆಳೆಯ ಬೇಸಿಗೆಯಲ್ಲಿ ತೀರಿಕೊಂಡರಂತೆ. ಒಬ್ಬರೇ ಹೋಗಲು ಬೇಜಾರು. ಮೆಂಬರ್ ಜೊತೆ ಒಬ್ಬ ಗೆಸ್ಟ್ ಬರಬಹುದು, ಪರದೇಶದವನಾದರೂ ಅಡ್ಡಿಯಿಲ್ಲ. ಯೂಜಿನ್‌ಗೆ, ಅಂದರೆ ನನಗೆ, ಶನಿವಾರ ರಜೆ, ಅಬು ಹಲೀಫಾದ ಮನೆಯಿಂದ ಅವನನ್ನು ಹತ್ತಿಸಿಕೊಂಡು ಹೋಗೋಣ ಅಂತ ಸೆಪ್ಟೆಂಬರಿನಿಂದಲೂ ಹೇಳುತ್ತಿದ್ದರಂತೆ. ಪರ್ಮಿಟ್ ಬರುವವರೆಗೆ ನಿಮಗೆ ಹೇಳಬಾರದು ಅಂತ ನನ್ನ ಬಾಯಿ ಕಟ್ಟಿದ್ದರು ಅಂದ.

ಮೇಲೆ ಬಂದು ಇಕಾಮಾದ ಅರ್ಜಿಯ ಕಾಪಿ ತೆಗೆದು ಸಹಿಯ ಕೆಳಗಿನ ತಾರೀಕು ನೋಡಿದೆ. ಅಕ್ಟೋಬರ್ 20. ನಾನು ಮೇಲ್ ಕಳಿಸಿದ ಹಿಂದಿನ ದಿನ. ಸಿಸಿ ಬೇಕಾಗಿಯೇ ಇರಲಿಲ್ಲ.



ನವೆಂಬರ್ 7, ಶುಕ್ರವಾರ

ಅಹ್ಮದಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮೊಲ್ಲಿಯನ್ನು ಮನೆಗೆ ಬಿಟ್ಟು, ಬೂ ಫಹದ್‌ರ ಮನೆಗೆ ಹೋದೆ. ಹಣ್ಣು ತೆಗೆದುಕೊಂಡು ಹೋಗಿದ್ದೆ, ಆಸ್ಪತ್ರೆಗೆ ಹೋದವನ ಹಾಗೆ. ದಿವಾನಿಯಾದಲ್ಲಿ, ದಿನಾ ಸಂಜೆ ಗಂಡಸರು ಕೂತು ಹರಟುವ ಆ ದೊಡ್ಡ ಕೋಣೆಯಲ್ಲಿ, ಒಬ್ಬರೇ ಕೂತಿದ್ದರು. ಪಕ್ಕದಲ್ಲೇ ಕೂರಿಸಿಕೊಂಡರು. ತಾವೇ ಚಾ ಬಗ್ಗಿಸಿದರು.

ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಸುಲಭವಿತ್ತು. ಇಕಾಮಾ ಆಯಿತಾ ಅಂತ ಕೇಳಿದರು. ಆಯಿತು ಅಂದೆ. ಮಬ್ರೂಕ್ ಅಂತ ಅಭಿನಂದಿಸಿದರು. ಮಗಳ ಪರೀಕ್ಷೆ ಯಾವಾಗ ಅಂತ ಕೇಳಿದರು. ಅದೂ ನೆನಪಿದೆ ಅವರಿಗೆ. ಮರೆವು ಅನ್ನುತ್ತಾನೆ ಮಗ!

ತಡೆಯಲಾಗಲಿಲ್ಲ. ಅಗ್ಗದ್ದು ಯಾಕೆ ಬಾಬಾ ಅಂತ ಕೇಳಿದೆ. ಕೇಳಬೇಕಾದ ತಿಂಗಳು ದಾಟಿದ ಮೇಲೆ. ಅವರದು ಯಾವಾಗಿನ ಹಾಗೆ ಅರ್ಧ ಹಿಂದಿ, ಅರ್ಧ ಇಂಗ್ಲಿಷು.

“ಪೆನ್ಷನ್ ಮಾತ್ರ ನನ್ನದು. ಉಳಿದದ್ದೆಲ್ಲ ಫಹದ್ ನೋಡ್ತಾನೆ. ಒಂದು ದುಬಾರಿಯದು ತಗೊಂಡ್ರೆ ಒಬ್ಬನೇ ಹೊಡೀಬೇಕು. ಅಗ್ಗದ್ದಾದ್ರೆ ಎರಡು.”

ಮೊದಲು ನಿನಗೆ ಒಗ್ಗುವುದನ್ನು ನೋಡಿ, ಆಮೇಲೆ ಅದರದೇ ಜೊತೆ ನನಗೊಂದು ಅಂತ ಇದ್ದೆ ಅಂದರು. ನಾನು ಚಾ ಲೋಟವನ್ನೇ ನೋಡುತ್ತಿದ್ದೆ.

“ನನ್ನನ್ನೇ ಕೇಳಬಹುದಿತ್ತಲ್ಲ, ಯೂಜಿನ್.”

ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ. ಊರಲ್ಲಿ ಅಪ್ಪ ತೀರಿಕೊಂಡಾಗ ತಾವೇ ಟಿಕೆಟ್ ಮಾಡಿಸಿ ಏರ್‌ಪೋರ್ಟಿಗೆ ಬಂದು ಬಿಟ್ಟ ಮನುಷ್ಯ. ಕ್ಷಮಿಸಿ ಅಂದೆ. ಅದು ಹಿಂದಿಯಲ್ಲೋ, ಅರಬಿಯಲ್ಲೋ, ಯಾವುದರಲ್ಲಿ ಬಂತೋ ಗೊತ್ತಿಲ್ಲ. ಕೈ ಆಡಿಸಿ ಬಿಡು ಅಂದರು. ಇನ್ನೊಂದು ಲೋಟ ಬಗ್ಗಿಸಿದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮೊಲ್ಲಿ ಏನಾಯಿತು ಅಂತ ಕೇಳಿದಳು. ಎಲ್ಲ ಸರಿ ಇದೆ ಅಂದೆ. ನನಗೆ ನಾಚಿಕೆಯಾಗಿದೆ. ಅವಳಿಗೆ ಹೇಳಲಾಗದಷ್ಟು.

ನವೆಂಬರ್ 13, ಗುರುವಾರ

ಬೂ ಫಹದ್‌ರ ಫೋನು ಬಂತು. ಎಷ್ಟೋ ದಿನದ ಮೇಲೆ. ಸ್ಕ್ರೀನಿನ ಮೇಲೆ ಹೆಸರು ಕಂಡಾಗ ಖುಷಿಯೇ ಆಯಿತು, ಸೀಟಿನಿಂದ ಎದ್ದು ನಿಂತೆ.

ತೋಟಕ್ಕೆ ನೀರು ಬಿಡುವ ಪೈಪು ಒಡೆದಿದೆಯಂತೆ. ಒಳ್ಳೆಯದೊಂದು ಬೇಕು. ಬಿಸಿಲಿಗೆ ಸೀಳದಂಥದ್ದು. ಉದ್ದ ಕೇಳಿದೆ, ಹೇಳಿದರು. ಬಣ್ಣ ಯಾವುದಾದರೂ ಆದೀತು ಅಂದರು. ನಾಳೆಯೇ ನೋಡುತ್ತೇನೆ ಬಾಬಾ, ನಾನೇ ತಂದುಕೊಡುತ್ತೇನೆ, ಕೊಟೇಶನ್ ಗಿಟೇಶನ್ ಏನೂ ಬೇಡ ಅಂದೆ.

ಅವರು ಯಾವಾಗಿನ ಅದೇ ಮೆತ್ತಗಿನ ದನಿಯಲ್ಲಿ —

“ಇಲ್ಲ ಯೂಜಿನ್. ಮೇಲ್ ಹಾಕು. ಫಹದ್‌ಗೂ ಒಂದು ಕಾಪಿ ಇಡು.”

ಬೇಡ ಬಾಬಾ, ಪೈಪಿಗೆಲ್ಲ ಯಾಕೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.