ಎತ್ತಿಕೊಳ್ಳಬಹುದು ಎಂದ ದಿನ

ಮಾರ್ಚ್ 14, ಗುರುವಾರ

ಇವತ್ತು ಬೆನ್ನು ನೋಯಲಿಲ್ಲ. ನೋಯುತ್ತಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಫಿಸಿಯೋಥೆರಪಿಯವಳು ಹೇಳಿದಳು: "ನೋವಿದ್ದಾಗ ಬೆನ್ನುಮೂಳೆ ಪಕ್ಕದ ಸಣ್ಣ ಸ್ನಾಯುಗಳು ಕೆಲಸ ಬಿಟ್ಬಿಡ್ತವೆ ಅಕ್ಕ. ದೊಡ್ಡವೇ ಎಲ್ಲಾ ಹೊತ್ಕೊಂಡು ಬಿಗಿದುಕೊಳ್ತವೆ. ನೋವು ಹೋದ್ರೂ ಸಣ್ಣವು ತಾವಾಗಿ ಕೆಲಸಕ್ಕೆ ಬರಲ್ಲ, ಅಭ್ಯಾಸ ಮಾಡಿಸ್ಬೇಕು." ಇಷ್ಟು ತಿಂಗಳು ಬೇಡ ಎಂದಿದ್ದವಳು, ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಜೆ ಮಗಳು ಹೊಸ್ತಿಲು ಎಡವಿ ಬಿದ್ದಳು. ಮಂಡಿ ತರಚಿತ್ತು. ಪಕ್ಕದಲ್ಲೇ ಕೈ ಚಾಚಿ ನಿಂತಿದ್ದ ನನ್ನನ್ನು ದಾಟಿ, ಅಳುತ್ತಾ ಅಡುಗೆಮನೆಗೆ ಓಡಿ ಅತ್ತೆಯ ಕಾಲು ತಬ್ಬಿಕೊಂಡಳು.

"ಅಮ್ಮ ಎತ್ಕೋತಾಳೆ, ಹೋಗು ಪುಟ್ಟಿ" ಅಂದರು ಅತ್ತೆ.

"ಬೇಡ. ಅಮ್ಮಂಗೆ ನೋವಾಗುತ್ತೆ."

ಬೆನ್ನಿಗೇನೋ ವ್ಯಾಯಾಮ ಇದೆ. ಮತ್ತೆ ನನ್ನ ಬಳಿ ಬರುವುದನ್ನು ಈ ಮಗುವಿಗೆ ನಾನು ಹೇಗೆ ಅಭ್ಯಾಸ ಮಾಡಿಸಲಿ?